ಯೊಂಗ್‌ಜಾ ಎಂಬ ಹೆಸರು

ಕೊರಿಯಾದ ಸಹೋದ್ಯೋಗಿಯೊಬ್ಬರು ಒಮ್ಮೆ ತಮ್ಮ ಅಜ್ಜಿಯ ಹೆಸರು ಯೊಂಗ್‌ಜಾ ಎಂದರು. ಅರ್ಥ ಕೇಳಿದೆ. "ಯಾವ ಅಕ್ಷರದಲ್ಲಿ ಬರೆದಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ" ಎಂದು ನಕ್ಕರು. ಕೊರಿಯನ್ ಲಿಪಿಯಲ್ಲಿ ಹೆಸರು ಒಂದೇ. ಅದರ ಹಿಂದಿನ ಚೀನೀ ಅಕ್ಷರ ಬದಲಾದರೆ 'ಯೊಂಗ್' ಎಂದರೆ ಹೂವು, ಕೀರ್ತಿ, ಇಲ್ಲವೇ ಶಾಶ್ವತ. 'ಜಾ' ಎಂದರೆ ಮಗು.

ಇತಿಹಾಸ ಅಡಗಿರುವುದು ಈ 'ಜಾ'ದಲ್ಲಿ. ಜಪಾನಿನ ಹೆಣ್ಣುಮಕ್ಕಳ ಹೆಸರಿನ ಕೊನೆಗೆ ಬರುವ 'ಕೋ' ಕೂಡ ಇದೇ ಅಕ್ಷರ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ವಸಾಹತು. ಆ ಕಾಲದಲ್ಲೇ 'ಜಾ' ಹೆಸರುಗಳು ಮನೆಮನೆಗೂ ಬಂದವು. 1940ರಲ್ಲಿ ಮನೆತನದ ಹೆಸರನ್ನೂ ಜಪಾನೀ ಮಾಡಿಕೊಳ್ಳುವ ಒತ್ತಾಯ ಶುರುವಾಯಿತು. 1946ರ ಆದೇಶದಿಂದ ದಕ್ಷಿಣದಲ್ಲಿ ಹಳೆಯ ಮನೆತನದ ಹೆಸರುಗಳು ಮರಳಿದವು. ಆದರೂ ಯೊಂಗ್‌ಜಾ ಉಳಿದಳು.

1975ರ 'ಯೊಂಗ್‌ಜಾಳ ವೈಭವದ ದಿನಗಳು' ಸಿನಿಮಾದ ನಾಯಕಿ ಹಳ್ಳಿಯಿಂದ ಸಿಯೋಲ್‌ಗೆ ಬಂದು ಮನೆಗೆಲಸ ಮಾಡಿದವಳು, ಬಸ್ ಕಂಡಕ್ಟರ್ ಆಗಿ ಕೈ ಕಳೆದುಕೊಂಡವಳು. ದುಡಿಮೆಗಾಗಿ ಊರು ಬಿಟ್ಟ ಒಂದು ಪೀಳಿಗೆಯ ಹುಡುಗಿಯರ ಹೆಸರೇ ಅದಾಗಿತ್ತು.

ಮುಂದೆ ಹೆತ್ತವರು 'ಜಾ' ಇಡುವುದನ್ನು ಬಿಟ್ಟರು. ಆ ಅಜ್ಜಿ ಮಾತ್ರ ಹೆಸರು ಬದಲಿಸಲಿಲ್ಲವಂತೆ. ರೂಢಿ ಆಳಿದವರದು ಇರಬಹುದು, ಆ ಹೆಸರು ಹಿಡಿದು ಕರೆದವಳು ಅವರ ಅಮ್ಮ.