ಡಾಲರ್ ಮೇಲೆ ಸಹಿ ಹಾಕಿದ ರೊಟ್ಟಿಯಮ್ಮ

ನಮ್ಮ ನೋಟಿನ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಇರುತ್ತದಲ್ಲ, ಹಾಗೆ ಡಾಲರ್ ಮೇಲೆ ಎರಡು ಸಹಿ ಇರುತ್ತವೆ. ಒಂದು ಹಣಕಾಸು ಮಂತ್ರಿಯದು, ಇನ್ನೊಂದು ದೇಶದ ಖಜಾಂಚಿಯದು. 1970ರ ದಶಕದ ಮೊದಲ ವರ್ಷಗಳ ನೋಟುಗಳಲ್ಲಿ ಆ ಎರಡನೇ ಸಹಿ ರೊಮಾನಾ ಅಕೋಸ್ಟಾ ಬಾನ್ಯುಯೆಲೋಸ್ ಎಂಬ ಹೆಂಗಸಿನದು. ಇದೇ ಹೆಂಗಸನ್ನು ಅಮೆರಿಕ ಎಂಟನೇ ವಯಸ್ಸಿನಲ್ಲಿ ದೇಶದಿಂದ ಹೊರಗೆ ಕಳಿಸಿತ್ತು ಅಂದ್ರೆ ನಂಬ್ತೀರಾ?

ರೊಮಾನಾ ಹುಟ್ಟಿದ್ದು 1925ರಲ್ಲಿ, ಅರಿಜೋನಾದ ಮಯಾಮಿ ಎಂಬ ಗಣಿ ಊರಲ್ಲಿ. ಅಪ್ಪ ಅಮ್ಮ ಮೆಕ್ಸಿಕೋದಿಂದ ಬಂದವರು, ಮಗಳು ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಆದರೆ ಮಹಾ ಆರ್ಥಿಕ ಕುಸಿತದ ಕಾಲ ಅದು. ಕೆಲಸ ಇಲ್ಲ, ಸಿಟ್ಟು ತೀರಿಸಿಕೊಳ್ಳೋಕೆ ಯಾರಾದರೂ ಬೇಕಿತ್ತು. ಮೆಕ್ಸಿಕೋ ಮೂಲದ ಲಕ್ಷಾಂತರ ಜನರನ್ನು ಗಡಿ ದಾಟಿಸಿದರು, ಅವರಲ್ಲಿ ಬಹಳಷ್ಟು ಮಂದಿ ಅಲ್ಲೇ ಹುಟ್ಟಿದ ಮಕ್ಕಳು. 1933ರಲ್ಲಿ ಈ ಕುಟುಂಬವೂ ಹೋಯಿತು. ಅಲ್ಲಿ ಅಮ್ಮ ಎಂಪನಾಡ ಮಾಡಿ ಬೇಕರಿ, ಹೋಟೆಲ್‌ಗಳಿಗೆ ಮಾರುತ್ತಿದ್ದಳು. ಕಡುಬಿನಂಥ ತಿಂಡಿ ಅದು. ಮಗಳು ವ್ಯಾಪಾರ ಕಲಿತದ್ದು ಅಮ್ಮನ ಹತ್ತಿರ. ಯಾವ ಎಂಬಿಎಯೂ ಅಲ್ಲ!

ಹದಿನಾರಕ್ಕೆ ಮದುವೆ, ಇಬ್ಬರು ಗಂಡುಮಕ್ಕಳು, ಆಮೇಲೆ ವಿಚ್ಛೇದನ. ಇಪ್ಪತ್ತು ತುಂಬುವ ಮೊದಲೇ ಮಕ್ಕಳನ್ನು ಕರೆದುಕೊಂಡು ಲಾಸ್ ಏಂಜಲೀಸ್‌ಗೆ ಬಂದಳು. ತನ್ನದೇ ದೇಶಕ್ಕೆ ವಲಸೆ. ಹಗಲೊಂದು ಕೆಲಸ, ರಾತ್ರಿಯೊಂದು ಕೆಲಸ ಮಾಡಿ 400 ಡಾಲರ್ ಕೂಡಿಟ್ಟಳು. 1949ರಲ್ಲಿ ಚಿಕ್ಕಮ್ಮನ ಜೊತೆ ಸೇರಿ ಟೋರ್ಟಿಯಾ ಮಾಡುವ ಘಟಕ ಶುರು ಮಾಡಿದಳು. ನಮಗೆ ಜೋಳದ ರೊಟ್ಟಿ ಹೇಗೋ ಮೆಕ್ಸಿಕೋದವರಿಗೆ ಈ ಮೆಕ್ಕೆಜೋಳದ ತೆಳು ರೊಟ್ಟಿ ಹಾಗೆ. ಎಂಜಿನಿಯರಿಂಗ್ ಓದಿದ ನನಗೆ ಇಲ್ಲಿ ಯಂತ್ರಕ್ಕಿಂತ ಲೆಕ್ಕ ಮುಖ್ಯ ಅನಿಸಿತು: ಮೊದಲ ದಿನದ ವ್ಯಾಪಾರ 36 ಡಾಲರ್. ಇಪ್ಪತ್ತು ವರ್ಷದಲ್ಲಿ ಅದು ನೂರಾರು ಜನ ದುಡಿಯುವ ಕಂಪನಿ. ಮಧ್ಯೆ ಪೂರ್ವ ಲಾಸ್ ಏಂಜಲೀಸ್‌ನಲ್ಲಿ, ತನ್ನ ಜನಕ್ಕೂ ಸಾಲ ಸಿಗಲಿ ಅಂತ, ಕೆಲವರ ಜೊತೆ ಸೇರಿ ಬ್ಯಾಂಕನ್ನೂ ಕಟ್ಟಿದಳು.

1971ರಲ್ಲಿ ಅಧ್ಯಕ್ಷ ನಿಕ್ಸನ್ ಆಕೆಯನ್ನು ಖಜಾಂಚಿ ಹುದ್ದೆಗೆ ಆರಿಸಿದರು. ಕಥೆ ಇಲ್ಲಿಗೆ ಮುಗಿದಿದ್ದರೆ ಸುಲಭವಾಗಿತ್ತು. ಅಕ್ಟೋಬರ್‌ನಲ್ಲಿ ವಲಸೆ ಅಧಿಕಾರಿಗಳು ಆಕೆಯ ಕಾರ್ಖಾನೆ ಮೇಲೆ ದಾಳಿ ಮಾಡಿದರು. ದಾಖಲೆ ಇಲ್ಲದ 36 ಕೆಲಸಗಾರರು ಸಿಕ್ಕಿದರು. ಮೊದಲ ದಿನದ ಡಾಲರೂ 36, ಹಿಡಿದವರೂ 36. ಇದು ರಾಜಕೀಯ ಎಂದಳು ರೊಮಾನಾ. ಇದ್ದರೂ ಇರಬಹುದು. ಅಂಥವರಿಗೆ ಕೆಲಸ ಕೊಡುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧವಾದದ್ದು 1986ರಲ್ಲಿ. ಹಾಗಾಗಿ ಸೆನೆಟ್ ಒಪ್ಪಿತು. ಖಜಾಂಚಿಯಾದ ಮೊದಲ ಹಿಸ್ಪಾನಿಕ್ ಆಕೆಯೇ.

ನನಗೆ ಕಾಡುವುದು ಆ 36 ಜನ. ನ್ಯೂಸ್ ಡೆಸ್ಕ್‌ನಲ್ಲಿ ನಾವೂ ಹೀಗೇ ಓದುತ್ತೇವೆ, ಇಷ್ಟು ಜನ ಗಡೀಪಾರು ಅಂತ. ಹೆಸರು ಓದುವುದಿಲ್ಲ. ರೊಮಾನಾಳ ಹೆಸರು ನಮಗೆ ಗೊತ್ತಾದದ್ದು ನೋಟಿನ ಮೇಲೆ ಬಂದದ್ದಕ್ಕೆ ತಾನೇ?

1930ರ ದಶಕದ ಆ ಗಡೀಪಾರಿಗೆ ಕ್ಯಾಲಿಫೋರ್ನಿಯಾ ರಾಜ್ಯ 2005ರಲ್ಲಿ ಕಾಯ್ದೆ ಮಾಡಿ ಕ್ಷಮೆ ಕೇಳಿತು. ಆಗ ರೊಮಾನಾಗೆ 80 ವರ್ಷ.