ಶ್ರುತಿಪೆಟ್ಟಿಗೆಯಲ್ಲಿ ಜೀವಾಳದ ಹುಡುಕಾಟ

ಹರಿದಾಸ ಪರಂಪರೆಯ ಶ್ರೀಪಾದರಾಜರ ಬೃಂದಾವನವಿರುವುದು ಮುಳಬಾಗಿಲಿನ ನರಸಿಂಹತೀರ್ಥದಲ್ಲಿ. ಹರಿದಾಸರ ಪದಗಳಿಗೆ ತಂಬೂರಿಯೇ ಆಧಾರವಾಗಿದ್ದ ಈ ಸೀಮೆಯಲ್ಲಿ, ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆಯ ಭಜನೆಗಳಲ್ಲೂ ಈಗ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಸಾಮಾನ್ಯ. ಹಳೆಯ ಅನಲಾಗ್ ಪೆಟ್ಟಿಗೆಗಳಲ್ಲಿ ಶ್ರುತಿ ಶುದ್ಧವಾಗಿದ್ದರೂ ನಾದ ಏಕೆ ಸಪ್ಪೆ? ಈ ಪ್ರಶ್ನೆ ಹಿಡಿದು ದಾಖಲೆಗಳನ್ನು ಕೆದಕತೊಡಗಿದೆ.

ಜಾಡು ಮೊದಲು ಬೆಂಗಳೂರಿಗೆ ಒಯ್ದಿತು. ಸಂಗೀತ ಬಲ್ಲ ಎಂಜಿನಿಯರ್ ಜಿ. ರಾಜ್‌ನಾರಾಯಣ್ ಅವರ ಎಲೆಕ್ಟ್ರಾನಿಕ್ ತಂಬೂರಿ 1979ರದು; ಅವರ ಸಂಸ್ಥೆ ರಾಡೆಲ್. ಅದಕ್ಕೂ ಹತ್ತು ವರ್ಷ ಹಿಂದೆ, 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಸಿಂಥಸೈಸರ್ ಬಂದಿತ್ತು. ಮೂಗ್‌ನಲ್ಲಿ ಕಂಪನ ಹುಟ್ಟಿಸುವ ಒಂದೊಂದು ಆಸಿಲೇಟರೂ ಸ್ವತಂತ್ರ. ಹಾಗಾಗಿ ಸ್ವರವನ್ನು ಬೇಕಾದಂತೆ ಬಾಗಿಸಬಹುದು. ಆದರೆ ಬಿಸಿ ಏರಿದರೆ ಒಂದೊಂದೂ ಒಂದೊಂದು ದಿಕ್ಕಿಗೆ ಜಾರುತ್ತದೆ.

ಶ್ರುತಿಗೆ ಆ ಜಾರಿಕೆ ಆಗದು. ಅದಕ್ಕೊಂದು ಉಪಾಯವೆಂದರೆ ಒಂದೇ ಮೂಲ ಕಂಪನವನ್ನು ಭಾಗಿಸುವುದು. ಸೆಕೆಂಡಿಗೆ 720 ಕಂಪನಗಳೆಂದುಕೊಳ್ಳೋಣ. ಆರರಿಂದ ಭಾಗಿಸಿದರೆ 120, ಅದು ಮಂದ್ರ ಷಡ್ಜ. ನಾಲ್ಕರಿಂದ 180, ಪಂಚಮ. ಮೂರರಿಂದ 240, ಮೇಲಿನ ಷಡ್ಜ. ಬೇಸಗೆಯ ಶಾಖಕ್ಕೆ ಮೂಲವೇ 726 ಆದರೂ ಮೂರೂ ಒಟ್ಟಿಗೆ ಏರುತ್ತವೆ, ಅವುಗಳ ನಡುವಿನ ಸಂಬಂಧ ಕೆಡುವುದಿಲ್ಲ. ವಿನ್ಯಾಸದ ದೊಡ್ಡ ಗುಣ ಇದೇ.

ದೋಷ ಎಲ್ಲಿದೆ ಎಂಬುದು ಸಿ.ವಿ. ರಾಮನ್ ಅವರ 1921ರ ಪ್ರಬಂಧದಲ್ಲಿ ಸಿಕ್ಕಿತು. ತಂತಿಯನ್ನು ಒಂದು ಉಪಸ್ವರದ ನಿಶ್ಚಲ ಬಿಂದುವಿನಲ್ಲಿ ಮೀಟಿದರೆ ಆ ಉಪಸ್ವರ ಹುಟ್ಟಬಾರದು ಎಂಬುದು ಯೂರೋಪಿನ ವಿಜ್ಞಾನಿಗಳ ನಿಯಮ. ತಂಬೂರಿ, ವೀಣೆಗಳಲ್ಲಿ ಅದೂ ಜೋರಾಗಿಯೇ ಕೇಳುತ್ತದೆಂದು ರಾಮನ್ ತೋರಿಸಿದರು. ಕಾರಣ, ತಂತಿಯನ್ನು ಹೊರುವ ಬಾಗಿದ ಕುದುರೆ. ಕಂಪಿಸುವ ತಂತಿ ಅದನ್ನು ಸವರುತ್ತಾ ಹೋಗುತ್ತದೆ. ತಂಬೂರಿಯಲ್ಲಿ ತಂತಿಯ ಕೆಳಗೆ ತೂರಿಸಿದ ಜೀವಾಳವೆಂಬ ನೂಲೆಳೆ ಆ ಸ್ಪರ್ಶವನ್ನು ಹದಗೊಳಿಸುತ್ತದೆ. ಹೀಗಾಗಿ ಒಂದೇ ಮೀಟಿನೊಳಗೆ ಉಪಸ್ವರಗಳು ಏರಿಳಿಯುತ್ತವೆ. ಭಾಗಿಸಿ ಪಡೆದ ಕಂಪನದಲ್ಲಿ ಅವುಗಳ ಪ್ರಮಾಣ ಮೊದಲಿನಿಂದ ಕೊನೆಯವರೆಗೆ ಒಂದೇ. ಸಾಲದ್ದಕ್ಕೆ, ಒಂದೇ ಷಡ್ಜಕ್ಕೆ ಕೂಡಿಸಿದ ಎರಡು ಸಾರಣಿ ತಂತಿಗಳ ನಡುವಿನ ಕೂದಲೆಳೆಯ ವ್ಯತ್ಯಾಸದಿಂದ ಬರುವ ನಿಧಾನದ ತೊನೆತಕ್ಕೂ ಅಲ್ಲಿ ಎಡೆಯಿಲ್ಲ.

ಶ್ರುತಿಯನ್ನು ಕಾಯ್ದ ಉಪಾಯವೇ ನಾದವನ್ನು ಬಡವಾಗಿಸಿತು. ಮುಂದೆ ನಿಜವಾದ ತಂಬೂರಿಯ ಧ್ವನಿಯನ್ನೇ ಚಿಪ್‌ನಲ್ಲಿ ತುಂಬಿಸುವ ಡಿಜಿಟಲ್ ಪೆಟ್ಟಿಗೆಗಳು ಬಂದವು. ಅವು ಬಂದವೆಂದು ಹಳೆಯವನ್ನು ಗುಜರಿಗೆ ಹಾಕಬಾರದು. ರಿಪೇರಿಯವರ ಬಳಿ ಉಳಿದಿರುವ ಸರ್ಕ್ಯೂಟ್ ನಕ್ಷೆಗಳನ್ನು ನಮ್ಮ ಗ್ರಂಥಾಲಯಗಳು ಸಂಗ್ರಹಿಸಲಿ. ನಮ್ಮ ಸಂಗೀತಕ್ಕೆ ಏನು ಬೇಕೆಂದು ಎಂಜಿನಿಯರುಗಳು ಕಿವಿಗೊಟ್ಟು ಕಲಿತದ್ದರ ಲಿಖಿತ ಸಾಕ್ಷ್ಯ ಅವು.