ಸಮಾವೇಶ

ರಾಜಕೀಯ ಪಕ್ಷಗಳು ಲಕ್ಷಾಂತರ ಜನರನ್ನು ಒಂದೆಡೆ ನೆರೆಯಿಸುವ ಮಹಾಸಭೆಗೆ ಇಂದು ನಾವು ಸಹಜವಾಗಿ ಪ್ರಯೋಗಿಸುವ 'ಸಮಾವೇಶ'ವೆಂಬ ಶಬ್ದವು, 'ಒಳಹೊಗು' ಎಂಬರ್ಥದ ಸಂಸ್ಕೃತದ 'ವಿಶ್' ಧಾತುವಿಗೆ 'ಸಮ್', 'ಆ' ಎಂಬ ಎರಡು ಉಪಸರ್ಗಗಳು ಸೇರಿ ನಿಷ್ಪನ್ನವಾದುದು. ಪ್ರವೇಶ, ನಿವೇಶನ, ಆವೇಶಗಳು ಇದರ ಸೋದರ ಪದಗಳು. ಶಾಸ್ತ್ರಗ್ರಂಥಗಳಲ್ಲಿ ಇದಕ್ಕೆ ಒಂದು ವಸ್ತು ಮತ್ತೊಂದರಲ್ಲಿ ಅಡಕವಾಗುವುದೆಂಬ ಅರ್ಥವೇ ಪ್ರಧಾನವಾಗಿದ್ದಿತು. ಇಂದಿಗೂ 'ಪಟ್ಟಿಯಲ್ಲಿ ಸಮಾವೇಶಗೊಳಿಸು' ಎನ್ನುವಾಗ ಆ ಅರ್ಥವು ಜೀವಂತವಾಗಿದೆ. ಆದರೆ ಎಲ್ಲ ಸಭೆಗಳೂ ಸಮಾವೇಶಗಳಲ್ಲ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನೆರೆದ ಕಾಂಗ್ರೆಸ್ಸನ್ನು ನಾವು 'ಅಧಿವೇಶನ'ವೆಂದೇ ಕರೆಯುತ್ತೇವೆ: ಪ್ರತಿನಿಧಿಗಳು ಕುಳಿತು ಚರ್ಚಿಸಿ ನಿರ್ಣಯವನ್ನಂಗೀಕರಿಸುವುದು ಅಧಿವೇಶನ, ಜನಸಮೂಹವು ನೆರೆದು ನಾಯಕನ ಮಾತನ್ನಾಲಿಸುವುದು ಸಮಾವೇಶ.

ವಿಜಯಪುರದಲ್ಲಿ 'ಸಮಾವೇಶ'ವೆಂಬ ಪದದ ವ್ಯಾಪ್ತಿಯು ಸ್ಪಷ್ಟವಾಗಿ ಗೋಚರಿಸುತ್ತದೆ. 2023ರ ಏಪ್ರಿಲ್ 29ರಂದು ಪ್ರಧಾನಿ ನರೇಂದ್ರ ಮೋದಿಯವರು ವಿಜಯಪುರ ನಗರದಲ್ಲಿ ಚುನಾವಣಾ ಭಾಷಣ ಮಾಡಿದರು. ಇಂಥ ದಿನಗಳಂದು ಜಿಲ್ಲೆಯ ತಿಕೋಟಾದ ದ್ರಾಕ್ಷಿತೋಟಗಳ ನಡುವಣ ಹಾದಿಗಳಿಂದ ಜನರನ್ನು ತುಂಬಿಕೊಂಡ ಟ್ರ್ಯಾಕ್ಟರುಗಳೂ ಟೆಂಪೊಗಳೂ ನಗರದತ್ತ ಹೊರಡುತ್ತವೆ. ಪೆಂಡಾಲಿನ ಅಂಚಿನಲ್ಲಿ, ಟವೆಲನ್ನು ತಲೆಗೆ ಸುತ್ತಿಕೊಂಡ ಹಿರಿಯರು ಬಿಸಿಲಿಗೆ ಬೆನ್ನುಕೊಟ್ಟು ಕುಳಿತಿರುತ್ತಾರೆ. ಪ್ರಚಾರತಂತ್ರವನ್ನು ಹೆಣೆಯುವವರಿಗೆ ಅವರು ಸಂಖ್ಯೆಯಾಗಿ ಮಾತ್ರ ಕಾಣುವುದು ನನಗೆ ನಿಜವಾಗಿಯೂ ಖೇದಕರ. ಆ ಹಿರಿಯರು ನೀರಾವರಿಯ ಮಾತು ಬಂದೊಡನೆ ಕಿವಿಗೊಡುವರು, ಹೋಲಿಸಿ ನೋಡುವರು, ಊರಿಗೆ ಮರಳಿ ಕಟ್ಟೆಯ ಮೇಲೆ ವಾದಿಸುವರು.